ಪಿಡಿ-ಎಲ್೧ ಎಂಬ ಪ್ರೋಟೀನೂ ಅದರ ಪ್ರತಿಬಂಧಕಗಳೂ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಹೊಲಗಳಿದ್ದ ನೆಲದ ಮೇಲೆ, ಎಲೆಕ್ಟ್ರಾನಿಕ್ ಸಿಟಿ ಎಂಬ ಕೈಗಾರಿಕಾ ನಗರಿ ತಲೆಯೆತ್ತಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ೨೦೨೫ರ ಆಗಸ್ಟ್ ತಿಂಗಳಿಂದ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲು ಓಡುತ್ತಿದೆ. ಬೆಳಗಿನ ಹೊತ್ತು ಆ ರೈಲಿನಿಂದಿಳಿದ ಜನ ಗುಂಪುಗುಂಪಾಗಿ ಕಾರ್ಖಾನೆಗಳ, ಕಚೇರಿಗಳ ಬಾಗಿಲುಗಳ ಕಡೆಗೆ ಹರಿಯುವಾಗ, ಒಂದೊಂದು ಬಾಗಿಲಿನಲ್ಲಿಯೂ ಒಬ್ಬ ಕಾವಲುಗಾರ ನಿಂತಿರುತ್ತಾನೆ. ಬರುವವರ ಮುಖವನ್ನು ಅವನು ನೋಡುವುದು ಕಡಮೆ. ಕೊರಳಿನಲ್ಲಿ ತೂಗುವ ಗುರುತುಚೀಟಿಯನ್ನು ನೋಡುವುದೇ ಹೆಚ್ಚು. ಚೀಟಿ ಸರಿಯಾಗಿದ್ದರೆ ಕೈಕಟ್ಟಿ ನಿಲ್ಲುತ್ತಾನೆ, ಇಲ್ಲದಿದ್ದರೆ ತಡೆಯುತ್ತಾನೆ. ಕಳ್ಳನೊಬ್ಬನು ಸರಿಯಾದ ಚೀಟಿಯನ್ನೇ ಸಂಪಾದಿಸಿ ಕೊರಳಿಗೆ ಹಾಕಿಕೊಂಡು ಬಂದರೆ ಗತಿಯೇನು?

ನಮ್ಮ ಶರೀರದಲ್ಲಿಯೂ ಇಂತಹ ಕಾವಲುಗಾರರುಂಟು. ಇಂತಹ ಚೀಟಿಯೂ ಉಂಟು. ಅದನ್ನು ಕದ್ದು ತೊಟ್ಟುಕೊಳ್ಳುವ ಕಳ್ಳನೂ ಉಂಟು. ಕಳ್ಳನ ಹೆಸರು ಏಡಿಗಂತಿ ಅಥವಾ ಕ್ಯಾನ್ಸರ್. ಚೀಟಿಯ ಹೆಸರು ಪಿಡಿ-ಎಲ್೧. ಈ ಚೀಟಿಯನ್ನು ನಿಷ್ಫಲಗೊಳಿಸಬಲ್ಲ ಒಂದು ಪುಟ್ಟ ರಾಸಾಯನಿಕ ವಸ್ತುವನ್ನು, ಬಾಯಿಂದ ನುಂಗಬಹುದಾದ ಔಷಧವನ್ನಾಗಿ ರೂಪಿಸುವ ಪ್ರಯತ್ನ ಇದೇ ಎಲೆಕ್ಟ್ರಾನಿಕ್ ಸಿಟಿಯ ಎರಡನೆಯ ಹಂತದಲ್ಲಿರುವ ಆರಿಜೀನ್ ಎಂಬ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ನಡೆಯಿತು. ಆ ವಸ್ತುವಿಗೆ ಸಿಎ-೧೭೦ ಎಂದು ಹೆಸರು. ಅದರ ಕಥೆ ಗೆಲುವಿನ ಕಥೆಯೇ ಸೋಲಿನ ಕಥೆಯೇ ಎಂದು ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ಆದಕಾರಣವೇ ವಿಜ್ಞಾನವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಅದನ್ನು ಸಾವಧಾನವಾಗಿ ಪರಿಶೀಲಿಸುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.

ಟಿ-ಕೋಶದ ಚುರುಕೂ ಅದರ ಲಗಾಮೂ

ರಕ್ತದಲ್ಲಿರುವ ಬಿಳಿಯ ಕಣಗಳಲ್ಲಿ ಟಿ-ಕೋಶಗಳೆಂಬುದು ಒಂದು ಬಗೆ. ಎದೆಗೂಡಿನ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಇವು ಪಕ್ವವಾಗುವುದರಿಂದ ಆ ಹೆಸರು. ಒಂದೊಂದು ಟಿ-ಕೋಶದ ಹೊರಪೊರೆಯ ಮೇಲೂ ಗ್ರಾಹಕವೆಂಬ ಪ್ರೋಟೀನಿನ ಸಾವಿರಾರು ಪ್ರತಿಗಳು ಚಾಚಿಕೊಂಡಿರುತ್ತವೆ. ಶರೀರದ ಹೆಚ್ಚುಕಡಮೆ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಚೂರುಗಳನ್ನು ತನ್ನ ಮೇಲ್ಮೈಯಲ್ಲಿ ಪ್ರದರ್ಶಿಸುತ್ತಿರುತ್ತದೆ. ಟಿ-ಕೋಶವು ತನ್ನ ಗ್ರಾಹಕದಿಂದ ಈ ಚೂರುಗಳನ್ನು ತಡವಿ ನೋಡುತ್ತದೆ. ಚೂರು ಪರಕೀಯವೆಂದು ತೋರಿದರೆ, ಉದಾಹರಣೆಗೆ ವೈರಸ್ಸಿನದಾಗಿದ್ದರೆ, ಆ ಕೋಶವನ್ನು ಕೊಲ್ಲುವ ಸಿದ್ಧತೆ ಆರಂಭವಾಗುತ್ತದೆ. ಏಡಿಗಂತಿಯ ಕೋಶಗಳಲ್ಲಿ ವಂಶವಾಹಿಗಳು ಕೆಟ್ಟಿರುವುದರಿಂದ ಅವುಗಳ ಪ್ರೋಟೀನುಗಳಲ್ಲಿಯೂ ಅಲ್ಲಲ್ಲಿ ವಿಕಾರವಿರುತ್ತದೆ. ಹೀಗಿರುವಾಗ ಟಿ-ಕೋಶಗಳು ಅವನ್ನು ಪರಕೀಯವೆಂದು ಗುರುತಿಸಬೇಕಷ್ಟೆ. ಶರೀರವು ಇಂತಹ ಕೆಟ್ಟ ಕೋಶಗಳನ್ನು ಮೇಲಿಂದ ಮೇಲೆ ನಾಶಮಾಡುತ್ತಿರಬೇಕೆಂದು ಜರ್ಮನಿಯ ಪಾಲ್ ಎರ್ಲಿಕ್ ಅವರು ೧೯೦೯ರಲ್ಲಿಯೇ ಊಹಿಸಿದ್ದರು. ೧೯೫೭ರಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಅವರು ಅದೇ ಭಾವನೆಯನ್ನು ಇನ್ನೂ ಸ್ಪಷ್ಟವಾಗಿ ಮಂಡಿಸಿದರು. ಆದರೂ ಏಡಿಗಂತಿ ಬೆಳೆಯುತ್ತದೆ. ಏಕೆ?

ಉತ್ತರದ ಒಂದು ಭಾಗ ಅನಿರೀಕ್ಷಿತವಾದ ಕಡೆಯಿಂದ ಬಂತು. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ ತಸುಕು ಹೊಂಜೊ ಅವರ ಪ್ರಯೋಗಶಾಲೆಯಲ್ಲಿ ಯಸುಮಾಸ ಇಷಿದ ಎಂಬವರು ಜೀವಕೋಶಗಳು ತಾವಾಗಿ ಸಾಯುವ ಕ್ರಮಕ್ಕೆ ಕಾರಣವಾದ ವಂಶವಾಹಿಯನ್ನು ಹುಡುಕುತ್ತಿದ್ದರು. ೧೯೯೨ರಲ್ಲಿ ಒಂದು ಹೊಸ ವಂಶವಾಹಿ ದೊರೆಯಿತು. ಅದು ನಿರ್ಮಿಸುವ ಪ್ರೋಟೀನಿಗೆ 'ಯೋಜಿತ ಮರಣ-೧' ಎಂಬರ್ಥದ ಇಂಗ್ಲಿಷ್ ಹೆಸರನ್ನಿಟ್ಟು, ಅದನ್ನು ಸಂಕ್ಷೇಪಿಸಿ ಪಿಡಿ-೧ ಎಂದು ಕರೆದರು. ಈ ಪ್ರೋಟೀನಿಗೂ ಕೋಶದ ಮರಣಕ್ಕೂ ಅವರು ಊಹಿಸಿದಂತಹ ಸಂಬಂಧವಿಲ್ಲವೆಂಬುದು ಆಮೇಲೆ ತಿಳಿಯಿತು. ಹೆಸರು ಮಾತ್ರ ಉಳಿಯಿತು. ವಿಜ್ಞಾನದಲ್ಲಿ ಇಂತಹ ತಪ್ಪು ಹೆಸರುಗಳು ಅಪರೂಪವಲ್ಲ. ಆಮ್ಲಗಳಲ್ಲೆಲ್ಲ ಇರಲೇಬೇಕೆಂಬ ಭ್ರಾಂತಿಯಿಂದ ಹುಟ್ಟಿದ 'ಆಮ್ಲಜನಕ'ವೆಂಬ ಹೆಸರನ್ನು ನಾವೆಲ್ಲರೂ ಇಂದಿಗೂ ಬಳಸುತ್ತಿಲ್ಲವೇ?

ಪಿಡಿ-೧ ಮಾಡುವ ಕೆಲಸವೇನೆಂಬುದು ೧೯೯೯ರಲ್ಲಿ ಬಯಲಾಯಿತು. ಆ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳನ್ನು ಹೊಂಜೊ ಅವರ ತಂಡದವರು ಸಾಕಿದರು. ಮೊದಮೊದಲು ಅವು ಚೆನ್ನಾಗಿಯೇ ಇದ್ದುವು. ವಯಸ್ಸಾದಂತೆ ಅವುಗಳ ಕೀಲುಗಳು ಊದಿಕೊಂಡುವು, ಮೂತ್ರಪಿಂಡಗಳು ಕೆಟ್ಟುವು. ಅವುಗಳ ಟಿ-ಕೋಶಗಳು ಸ್ವಂತ ಶರೀರದ ಮೇಲೆಯೇ ಬಿದ್ದಿದ್ದುವು. ಇಲಿಗಳ ಮತ್ತೊಂದು ತಳಿಯಲ್ಲಿ ಇದೇ ಪ್ರಯೋಗವನ್ನು ಮಾಡಿದಾಗ ಹೃದಯವೇ ಹಿಗ್ಗಿ ದುರ್ಬಲವಾದುದನ್ನು ೨೦೦೧ರಲ್ಲಿ ವರದಿಮಾಡಿದರು. ಇದರಿಂದ ಪಿಡಿ-೧ ಎಂಬುದು ಟಿ-ಕೋಶದ ಲಗಾಮು ಎಂಬುದು ಸ್ಪಷ್ಟವಾಯಿತು.

ಲಗಾಮನ್ನು ಎಳೆಯುವ ಕೈ ಯಾವುದು? ಅದೇ ಪಿಡಿ-ಎಲ್೧. ಅಮೆರಿಕದಲ್ಲಿ ಲೀಪಿಂಗ್ ಚೆನ್ ಅವರ ತಂಡ ೧೯೯೯ರಲ್ಲಿ ಇದನ್ನು ಬೇರೊಂದು ಹೆಸರಿನಿಂದ ವರ್ಣಿಸಿತು. ೨೦೦೦ದಲ್ಲಿ ಗಾರ್ಡನ್ ಫ್ರೀಮನ್ ಅವರೂ ಹೊಂಜೊ ಅವರೂ ಮತ್ತಿತರರೂ ಕೂಡಿ, ಇದು ಪಿಡಿ-೧ರ ಜೋಡಿಯೆಂಬುದನ್ನು ತೋರಿಸಿದರು. ಇದೂ ಕೋಶಪೊರೆಯಲ್ಲಿ ನಾಟಿಕೊಂಡು ಹೊರಕ್ಕೆ ಚಾಚಿರುವ ಪ್ರೋಟೀನೇ. ೨೯೦ ಅಮೈನೋ ಆಮ್ಲಗಳ ಸರಪಣಿಯಾಗಿ ಹುಟ್ಟುತ್ತದೆ. ಟಿ-ಕೋಶವು ಒಂದು ಕೋಶವನ್ನು ತಡವಿ ನೋಡುವಾಗ, ಆ ಕೋಶದ ಪಿಡಿ-ಎಲ್೧ ಟಿ-ಕೋಶದ ಪಿಡಿ-೧ಕ್ಕೆ ತಗುಲಿದರೆ, ಪಿಡಿ-೧ರ ಒಳಬಾಲದ ಮೇಲೆ ಫಾಸ್ಫೇಟು ಗುಂಪುಗಳು ಸೇರಿಕೊಳ್ಳುತ್ತವೆ. ಅವುಗಳ ಜಾಡು ಹಿಡಿದು ಎಸ್‌ಎಚ್‌ಪಿ-೨ ಎಂಬ ಕಿಣ್ವ ಬಂದು ಕೂರುತ್ತದೆ. ಟಿ-ಕೋಶವನ್ನು ಕೆರಳಿಸುವ ಸಂಕೇತವೆಲ್ಲ ಫಾಸ್ಫೇಟುಗಳ ಮೂಲಕವೇ ಒಳಕ್ಕೆ ಸಾಗುವುದು. ಈ ಕಿಣ್ವವಾದರೋ ಅಕ್ಕಪಕ್ಕದ ಅಣುಗಳಿಂದ ಫಾಸ್ಫೇಟುಗಳನ್ನು ಕಿತ್ತುಹಾಕುತ್ತದೆ. ಸಂಕೇತ ಅಲ್ಲಿಯೇ ನಂದುತ್ತದೆ. ಕಾವಲುಗಾರ ಕೈಕಟ್ಟಿ ನಿಲ್ಲುತ್ತಾನೆ.

ಆರೋಗ್ಯವಂತ ಶರೀರಕ್ಕೆ ಈ ಏರ್ಪಾಡು ಅತ್ಯಾವಶ್ಯಕ. ತಾಯಿಯ ಗರ್ಭದಲ್ಲಿರುವ ಮಗುವಿನಲ್ಲಿ ಅರ್ಧ ಭಾಗ ತಂದೆಯದು, ಎಂದರೆ ತಾಯಿಗೆ ಪರಕೀಯವಾದುದು. ಗರ್ಭಕ್ಕೆ ಆಹಾರವನ್ನೊದಗಿಸುವ ಮಾಸಿನ ಕೋಶಗಳು ಪಿಡಿ-ಎಲ್೧ನ್ನು ಸಮೃದ್ಧವಾಗಿ ತೊಟ್ಟಿರುತ್ತವೆ. ಏಡಿಗಂತಿ ಕದಿಯುವುದು ಈ ಚೀಟಿಯನ್ನೇ. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಟಿ-ಕೋಶಗಳು ಗೆಡ್ಡೆಯನ್ನು ಹೊಕ್ಕು ಯುದ್ಧವನ್ನಾರಂಭಿಸುವಾಗ ಇಂಟರ್‌ಫೆರಾನ್-ಗಾಮಾ ಎಂಬ ವಸ್ತುವನ್ನು ಸುರಿಸುತ್ತವೆ. ಆ ವಸ್ತುವಿನ ಸುಳಿವು ಸಿಕ್ಕಿದೊಡನೆಯೇ ಗೆಡ್ಡೆಯ ಕೋಶಗಳು ಪಿಡಿ-ಎಲ್೧ನ್ನು ಹೆಚ್ಚುಹೆಚ್ಚಾಗಿ ತಯಾರಿಸತೊಡಗುತ್ತವೆ. ದಾಳಿಯ ಕಹಳೆಯೇ ಕಳ್ಳನಿಗೆ ಎಚ್ಚರಿಕೆಯ ಗಂಟೆಯಾದಂತಾಯಿತು. ಹಾಡ್ಜ್‌ಕಿನ್ ರೋಗವೆಂಬ ದುಗ್ಧಗ್ರಂಥಿಗಳ ಏಡಿಗಂತಿಯಲ್ಲಿ ಮಾತ್ರ ಕಹಳೆಯೂ ಬೇಕಿಲ್ಲ. ಅಲ್ಲಿ ಪಿಡಿ-ಎಲ್೧ರ ವಂಶವಾಹಿಯ ಪ್ರತಿಗಳೇ ಹೆಚ್ಚಾಗಿರುವುದರಿಂದ ಚೀಟಿ ಸದಾ ಕೊರಳಲ್ಲಿರುತ್ತದೆ.

ಸೂಜಿಯ ಔಷಧ

ಪಿಡಿ-೧ಕ್ಕೋ ಪಿಡಿ-ಎಲ್೧ಕ್ಕೋ ಮುಚ್ಚಳ ಹಾಕಿಬಿಟ್ಟರೆ ಟಿ-ಕೋಶದ ಲಗಾಮು ಸಡಿಲವಾಗುತ್ತದೆಯಲ್ಲವೇ? ಹಾಗೆ ಮುಚ್ಚಳವಾಗಬಲ್ಲ ಪ್ರತಿಕಾಯಗಳನ್ನು ಔಷಧವಾಗಿ ತಯಾರಿಸಿದರು. ೨೦೧೪ರ ಜುಲೈ ತಿಂಗಳಲ್ಲಿ ಜಪಾನಿನಲ್ಲಿ ನಿವೊಲುಮಾಬ್, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪೆಂಬ್ರೊಲಿಜುಮಾಬ್ ಅನುಮತಿಯನ್ನು ಪಡೆದುವು. ಮತ್ತೊಂದು ಲಗಾಮಾದ ಸಿಟಿಎಲ್‌ಎ-೪ರ ಮೇಲೆ ಕೆಲಸ ಮಾಡಿದ್ದ ಜೇಮ್ಸ್ ಆಲಿಸನ್ ಅವರಿಗೂ ಹೊಂಜೊ ಅವರಿಗೂ ೨೦೧೮ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಟ್ಟರು. ಶಸ್ತ್ರಕ್ಕೂ ಕಿರಣಕ್ಕೂ ಬಗ್ಗದ ಏಡಿಗಂತಿಗಳಲ್ಲಿ ಕೆಲವು ಈ ಔಷಧಗಳಿಂದ ಕರಗಿಹೋದುವು. ಕೆಲವು ಎಂಬ ಮಾತಿಗೆ ವಾಚಕರು ಗಮನ ಕೊಡಬೇಕು. ಹೆಚ್ಚಿನ ಬಗೆಗಳಲ್ಲಿ ಗುಣ ಕಾಣುವುದು ರೋಗಿಗಳ ಒಂದು ಅಂಶದಲ್ಲಿ ಮಾತ್ರ.

ಪ್ರತಿಕಾಯವೆಂಬುದು ದೈತ್ಯಾಣು. ಅದರ ಅಣುತೂಕ ಸುಮಾರು ೧,೫೦,೦೦೦. ಬಾಯಿಂದ ಕೊಟ್ಟರೆ ಮೊಟ್ಟೆಯ ಬಿಳಿಯಂತೆ ಜೀರ್ಣವಾಗಿಹೋಗುವುದರಿಂದ ಅದನ್ನು ಸೂಜಿಯ ಮೂಲಕವೇ ಕೊಡಬೇಕು. ಜೀವಂತ ಕೋಶಗಳಲ್ಲಿ ಬೆಳೆಸಿ ಶುದ್ಧಿಮಾಡಬೇಕಾದುದರಿಂದ ಬೆಲೆ ಬಹಳ. ತಯಾರಾದ ಮೇಲೂ ಶೀತಲಪೆಟ್ಟಿಗೆಯಲ್ಲಿಯೇ ಇಟ್ಟಿರಬೇಕು. ಇವೆಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದುಂಟು. ದೇಹದಲ್ಲಿ ಈ ಪ್ರತಿಕಾಯಗಳ ಪ್ರಮಾಣ ಅರ್ಧಕ್ಕೆ ಇಳಿಯಬೇಕಾದರೆ ಮೂರು ವಾರಗಳಿಗೂ ಹೆಚ್ಚು ಕಾಲ ಬೇಕು. ಲಗಾಮು ಸಡಿಲವಾದ ಟಿ-ಕೋಶಗಳು ಗೆಡ್ಡೆಯನ್ನು ಮಾತ್ರವಲ್ಲದೆ ಕೆಲವರಲ್ಲಿ ಕರುಳನ್ನೋ ಶ್ವಾಸಕೋಶವನ್ನೋ ಥೈರಾಯ್ಡ್ ಗ್ರಂಥಿಯನ್ನೋ ಪೀಡಿಸುತ್ತವೆ. ಕ್ಯೋಟೋದ ಇಲಿಗಳಿಗೆ ಆದುದೇ ಇದು. ಆಗ ವೈದ್ಯರು ಮುಂದಿನ ಸೂಜಿಯನ್ನು ನಿಲ್ಲಿಸಬಹುದೇ ಹೊರತು ಹಿಂದೆ ಕೊಟ್ಟುದನ್ನು ಹಿಂದಕ್ಕೆ ತೆಗೆಯಲಾರರು.

ಬೆಲೆಯ ವಿಷಯ ನಮ್ಮ ದೇಶದಲ್ಲಿ ಮೇಲುಮಾತಿನದಲ್ಲ. ಹೊಗೆಸೊಪ್ಪು, ಗುಟ್ಕಗಳ ಅಭ್ಯಾಸದಿಂದ ಬಾಯಿ, ಗಂಟಲುಗಳ ಏಡಿಗಂತಿ ನಮ್ಮಲ್ಲಿ ಎಷ್ಟು ವ್ಯಾಪಕವೆಂಬುದನ್ನು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯ ಅಂಗಳದಲ್ಲಿ ಒಂದು ಗಳಿಗೆ ನಿಂತವರಿಗೆ ವಿವರಿಸಬೇಕಾದುದಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಇಂತಹ ೧೫೧ ರೋಗಿಗಳಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಒಂದು ಗುಂಪಿಗೆ ಅಗ್ಗದ ಮಾತ್ರೆಗಳ ಚಿಕಿತ್ಸೆ. ಇನ್ನೊಂದಕ್ಕೆ ಅದೇ ಚಿಕಿತ್ಸೆಯೊಡನೆ ಮೂರು ವಾರಗಳಿಗೊಮ್ಮೆ ೨೦ ಮಿಲಿಗ್ರಾಂ ನಿವೊಲುಮಾಬ್. ರೂಢಿಯ ಪ್ರಮಾಣ ಎರಡು ವಾರಗಳಿಗೊಮ್ಮೆ ೨೪೦ ಮಿಲಿಗ್ರಾಂ ಎಂಬುದನ್ನು ನೆನೆದರೆ ಇದು ಎಷ್ಟು ಅಲ್ಪವೆಂಬುದು ತಿಳಿದೀತು. ಒಂದು ವರ್ಷದ ಕೊನೆಗೆ ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೧೬.೩ರಷ್ಟು, ಎರಡನೆಯ ಗುಂಪಿನಲ್ಲಿ ೪೩.೪ರಷ್ಟು ಮಂದಿ ಬದುಕಿದ್ದರು. ಪಿಡಿ-೧ರ ದಾರಿಯನ್ನು ತಡೆಯುವುದರಿಂದ ನಮ್ಮ ರೋಗಿಗಳಿಗೆ ದೊರೆಯಬಹುದಾದ ಆಯುಸ್ಸು ಎಷ್ಟೆಂಬುದಕ್ಕೆ ಇದಕ್ಕಿಂತ ನೇರವಾದ ಲೆಕ್ಕ ಬೇಕಿಲ್ಲ. ಸೂಜಿಯ ಬದಲು ನಾಲ್ಕು ದಿನ ಕಿಸೆಯಲ್ಲಿಟ್ಟರೂ ಕೆಡದ ಗುಳಿಗೆಯೊಂದು ದೊರೆತರೆ! ಎಲೆಕ್ಟ್ರಾನಿಕ್ ಸಿಟಿಯ ರಸಾಯನಜ್ಞರು ಕೈಹಾಕಿದ್ದು ಇದಕ್ಕೆ.

ಬೀಸುಕಲ್ಲಿನ ನಡುವಣ ಸಾಸಿವೆ

ಗುಳಿಗೆಯ ರೂಪದಲ್ಲಿ ನಾವು ನುಂಗುವ ಔಷಧಗಳಲ್ಲಿ ಬಹುಪಾಲು ಪುಟ್ಟ ಅಣುಗಳು. ಆಸ್ಪಿರಿನ್ನಿನ ಅಣುತೂಕ ೧೮೦. ಇಂತಹ ಅಣುಗಳು ಸಾಮಾನ್ಯವಾಗಿ ಯಾವುದಾದರೊಂದು ಪ್ರೋಟೀನಿನ ಪೊಟರೆಯೊಳಗೆ ಹೊಕ್ಕು, ಅಲ್ಲಿಗೆ ಬರಬೇಕಾದ ವಸ್ತುವಿಗೆ ಜಾಗವಿಲ್ಲದಂತೆ ಮಾಡುತ್ತವೆ. ಕಿಣ್ವವು ಬೀಗ, ಅದು ಕೆಲಸಮಾಡುವ ವಸ್ತು ಕೀಲಿಕೈ ಎಂದು ಎಮಿಲ್ ಫಿಷರ್ ಅವರು ೧೮೯೪ರಲ್ಲಿ ಕೊಟ್ಟ ಉಪಮಾನ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಬೀಗದ ತೂತಿಗೆ ಒಂದು ಕಡ್ಡಿಯನ್ನು ತುರುಕಿದರೆ ಕೀಲಿಕೈ ಹೊಗುವುದಿಲ್ಲ. ಕಡ್ಡಿ ಸಣ್ಣದಾದರೂ ಸಾಕು.

ಪಿಡಿ-೧ ಮತ್ತು ಪಿಡಿ-ಎಲ್೧ಗಳ ನಡುವೆ ಇಂತಹ ತೂತಿಲ್ಲ. ಇವೆರಡೂ ಮಾನವಶರೀರದಲ್ಲಿ ಹೇಗೆ ಕೂಡಿಕೊಳ್ಳುತ್ತವೆಂಬುದನ್ನು ೨೦೧೫ರಲ್ಲಿ ಎಕ್ಸ್-ಕಿರಣಗಳಿಂದ ಪರೀಕ್ಷಿಸಿ ನೋಡಿದಾಗ ಕಂಡದ್ದು ಎರಡು ಚಪ್ಪಟೆಯಾದ ಮೈಗಳು. ಬೀಸುಕಲ್ಲಿನ ಎರಡು ಕಲ್ಲುಗಳು ಮುಖಕ್ಕೆ ಮುಖ ಕೊಟ್ಟು ಕೂರುವಂತೆ ಇವು ಕೂರುತ್ತವೆ. ಹಿಡಿತವೆಂಬುದು ಒಂದು ಬಿಂದುವಿನಲ್ಲಿಲ್ಲ. ಇಡೀ ಮುಖದ ಮೇಲೆ ಹರಡಿದೆ. ಪ್ರತಿಕಾಯವೆಂಬ ದೊಡ್ಡ ಚಪ್ಪಡಿಯನ್ನು ನಡುವೆ ತೂರಿಸಿ ಕಲ್ಲುಗಳನ್ನು ಬೇರ್ಪಡಿಸಬಹುದು. ಒಂದು ಸಾಸಿವೆ ಕಾಳು ಏನು ಮಾಡೀತು?

ಆರಿಜೀನ್ ಸಂಸ್ಥೆಯವರು ಹಿಡಿದ ದಾರಿ ಹೀಗೆ. ಡಾಕ್ಟರ್ ರೆಡ್ಡೀಸ್ ಔಷಧ ಕಂಪನಿಯ ಅಂಗವಾಗಿ ೨೦೦೧ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಶಶಿಕುಮಾರ್, ಮುರಳೀಧರ ರಾಮಚಂದ್ರ ಮೊದಲಾದವರು, ಪಿಡಿ-ಎಲ್೧ನ್ನು ಹಿಡಿಯಬಲ್ಲ ವಸ್ತುವಿಗೆ ಮಾದರಿಯನ್ನು ಬೇರೆಲ್ಲಿಯೋ ಹುಡುಕುವ ಬದಲು ಪಿಡಿ-೧ರಲ್ಲಿಯೇ ಹುಡುಕಿದರು. ಪಿಡಿ-ಎಲ್೧ನ್ನು ತಬ್ಬುವುದು ಅದೇ ತಾನೆ? ಅದರ ತೋಳಿನ ತುಣುಕುಗಳನ್ನು ಅನುಕರಿಸಿ ಮೊದಲು ೨೯ ಅಮೈನೋ ಆಮ್ಲಗಳ ಕವಲೊಡೆದ ಪೆಪ್ಟೈಡನ್ನು ನಿರ್ಮಿಸಿದರು. ಅದರ ಹೆಸರು ಎಯುಎನ್‌ಪಿ-೧೨. ೨೦೧೪ರಲ್ಲಿ ಫ್ರಾನ್ಸಿನ ಪಿಯೇರ್ ಫಾಬ್ರ್ ಕಂಪನಿಯೊಡನೆ ಈ ವಸ್ತುವಿನ ವಿಷಯದಲ್ಲಿ ಒಪ್ಪಂದವೂ ಆಯಿತು. ಆದರೆ ಪೆಪ್ಟೈಡ್ ಎಷ್ಟಾದರೂ ಪ್ರೋಟೀನಿನ ತುಂಡು. ಜಠರದ ಪೆಪ್ಸಿನ್, ಕರುಳಿನ ಟ್ರಿಪ್ಸಿನ್ ಅದನ್ನು ಬೇಳೆಯ ಸಾರಿಗಿಂತ ಬೇರೆಯಾಗಿ ಕಾಣುವುದಿಲ್ಲ.

ಆದುದರಿಂದ ತೋಳನ್ನು ಇನ್ನೂ ಮೊಟಕುಗೊಳಿಸಿ ಬೆರಳ ತುದಿಗೆ ತಂದರು. ಪಿಡಿ-೧ರಲ್ಲಿ ಸೆರೀನ್, ಆಸ್ಪರಜೀನ್, ಥ್ರಿಯೊನೀನ್ ಎಂಬ ಅಮೈನೋ ಆಮ್ಲಗಳಿಂದ ಆರಂಭವಾಗುವ ಒಂದು ಪುಟ್ಟ ಎಳೆಯುಂಟು. ಸಿಎ-೧೭೦ ಇಂತಹ ಮೂರು ಅಮೈನೋ ಆಮ್ಲಗಳ ಸರಪಣಿಯನ್ನು ಹೋಲುವ ವಸ್ತು. ಆದರೆ ಜೀರ್ಣರಸದ ಕಿಣ್ವಗಳು ಕತ್ತರಿಸುವ ಪೆಪ್ಟೈಡ್ ಬಂಧಗಳು ಅದರಲ್ಲಿಲ್ಲ. ಒಂದು ಕಡೆಯ ಬಂಧಕ್ಕೆ ಬದಲಾಗಿ ಎರಡು ಸಾರಜನಕ, ಒಂದು ಆಮ್ಲಜನಕ ಪರಮಾಣುಗಳನ್ನೊಳಗೊಂಡ ಐದು ಮೂಲೆಯ ಉಂಗುರವನ್ನು ಕೂರಿಸಿದ್ದಾರೆ. ಇನ್ನೊಂದು ಕಡೆ ಯೂರಿಯಾದ ಮಾದರಿಯ ಕೊಂಡಿಯನ್ನು ಹಾಕಿದ್ದಾರೆ. ಕತ್ತರಿಗೆ ಸಿಕ್ಕದಂತೆ ದಾರದ ನಡುವೆ ತಂತಿಯನ್ನು ಹೆಣೆದಂತೆ ಇದು. ಅಣುತೂಕ ೩೬೦, ಎಂದರೆ ಎರಡು ಆಸ್ಪಿರಿನ್ ಅಣುಗಳಷ್ಟು, ಪ್ರತಿಕಾಯದ ನಾನೂರರಲ್ಲೊಂದು ಪಾಲು. ನುಂಗಿದ ಮೇಲೆ ರಕ್ತದಲ್ಲಿ ಇದರ ಪ್ರಮಾಣ ಕೆಲವು ಗಂಟೆಗಳಲ್ಲಿಯೇ ಅರ್ಧಕ್ಕಿಳಿಯುತ್ತದೆ. ತೊಂದರೆ ಕಂಡರೆ ಗುಳಿಗೆಯನ್ನು ನಿಲ್ಲಿಸಿದರಾಯಿತು.

ಪ್ರಯೋಗಶಾಲೆಯಲ್ಲಿ ಇದನ್ನು ಪರೀಕ್ಷಿಸುವ ಕ್ರಮ ಸರಳವಾದುದು. ಮನುಷ್ಯರ ರಕ್ತದಿಂದ ಪಡೆದ ಟಿ-ಕೋಶಗಳನ್ನು ಕೆರಳಿಸಿದರೆ ಅವು ವೃದ್ಧಿಯಾಗುತ್ತವೆ. ಪಿಡಿ-ಎಲ್೧ನ್ನು ಸೇರಿಸಿದರೆ ವೃದ್ಧಿ ಕುಗ್ಗುತ್ತದೆ. ಇದರ ಜೊತೆಗೆ ಸಿಎ-೧೭೦ನ್ನೂ ಸೇರಿಸಿದಾಗ ವೃದ್ಧಿ ಮರಳಿತು. ಇಂಟರ್‌ಫೆರಾನ್-ಗಾಮಾ ಮತ್ತೆ ಸ್ರವಿಸಿತು. ವಿಸ್ಟಾ ಎಂಬ ಮತ್ತೊಂದು ಲಗಾಮಿನ ಪ್ರೋಟೀನಿನ ಮೇಲೆಯೂ ಇದು ಇದೇ ಪರಿಣಾಮವನ್ನು ಬೀರಿತೆಂದು ಹೇಳಿದರು. ಇಲಿಗಳಿಗೆ ಬಾಯಿಂದ ಕೊಟ್ಟಾಗ ಗೆಡ್ಡೆಗಳ ಬೆಳವಣಿಗೆ ಕುಂಠಿತವಾಯಿತು. ೨೦೧೫ರ ಜನವರಿಯಲ್ಲಿ ಅಮೆರಿಕದ ಕ್ಯೂರಿಸ್ ಎಂಬ ಕಂಪನಿ ಆರಿಜೀನ್‌ನೊಡನೆ ಕೂಡಿಕೊಂಡಿತು. ೨೦೧೬ರಲ್ಲಿ ರೋಗಿಗಳಿಗೆ ಗುಳಿಗೆಯನ್ನು ಕೊಡಲಾರಂಭಿಸಿದರು. ಹೊಸೂರು ರಸ್ತೆಯ ಬದಿಯಲ್ಲಿ ಹುಟ್ಟಿದ ಅಣುವೊಂದು ಈ ಬಗೆಯ ಬಾಯಿಯ ಔಷಧಗಳಲ್ಲಿ ಎಲ್ಲರಿಗಿಂತ ಮುಂಚೆ ಮನುಷ್ಯರ ಪರೀಕ್ಷೆಯನ್ನು ಮುಟ್ಟಿದ ಕೆಲವೇ ವಸ್ತುಗಳಲ್ಲಿ ಒಂದಾಯಿತೆಂಬುದು ಸಣ್ಣ ಸಂಗತಿಯಲ್ಲ.

ಕ್ರಾಕೋವ್‌ನಿಂದ ಬಂದ ಪ್ರಶ್ನೆ

೨೦೧೯ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಯಾಗೆಲೋನಿಯನ್ ವಿಶ್ವವಿದ್ಯಾನಿಲಯದ ಟಡೆಯೂಷ್ ಹೋಲಾಕ್ ಮತ್ತು ಅವರ ಸಂಗಡಿಗರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಸಿಎ-೧೭೦ ನಿಜವಾಗಿ ಪಿಡಿ-ಎಲ್೧ರ ಪ್ರತಿಬಂಧಕವೇ ಅಲ್ಲವೇ ಎಂಬುದು ಅದರ ಪ್ರಶ್ನೆ. ಶೀರ್ಷಿಕೆಯೂ ಪ್ರಶ್ನೆಯ ರೂಪದಲ್ಲಿಯೇ ಇತ್ತು. ಈ ತಂಡ ದಾರಿಹೋಕರದಲ್ಲ. ಪಿಡಿ-೧, ಪಿಡಿ-ಎಲ್೧ಗಳ ಜೋಡಿಯ ಆಕಾರವನ್ನು ೨೦೧೫ರಲ್ಲಿ ಬಿಡಿಸಿ ತೋರಿಸಿದವರು ಇವರೇ.

ಅವರು ಬಳಸಿದ ಉಪಾಯಗಳಲ್ಲಿ ಒಂದನ್ನು ವಿವರವಾಗಿ ತಿಳಿಯುವುದು ಉಪಯುಕ್ತ. ಸಾರಜನಕದ ಸಾಧಾರಣ ಪರಮಾಣುವಿನ ಭಾರ ೧೪. ಅದರ ಬದಲು ೧೫ ಭಾರದ ಸಾರಜನಕವನ್ನೇ ತಿನ್ನಿಸಿ ಬೆಳೆಸಿದ ಬ್ಯಾಕ್ಟೀರಿಯಗಳಿಂದ ಪ್ರೋಟೀನನ್ನು ತಯಾರಿಸಿ, ಬಲವಾದ ಕಾಂತದ ನಡುವೆ ಇಟ್ಟು ರೇಡಿಯೋ ತರಂಗಗಳನ್ನು ಹಾಯಿಸಿದರೆ, ಸರಪಣಿಯ ಹೆಚ್ಚುಕಡಮೆ ಪ್ರತಿಯೊಂದು ಕೊಂಡಿಯೂ ಒಂದೊಂದು ಚುಕ್ಕೆಯಾಗಿ ಪಟದ ಮೇಲೆ ಮೂಡುತ್ತದೆ. ತರಗತಿಯ ಹುಡುಗರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕುಳಿತ ಭಾವಚಿತ್ರದಂತೆ. ಈಗ ಬೇರೊಂದು ವಸ್ತುವನ್ನು ಸೇರಿಸಿ ಮತ್ತೊಮ್ಮೆ ಪಟ ತೆಗೆಯಿರಿ. ಆ ವಸ್ತು ಪ್ರೋಟೀನಿಗೆ ಅಂಟಿಕೊಂಡರೆ, ಅಂಟಿದ ಜಾಗದ ಸುತ್ತಮುತ್ತಲ ಚುಕ್ಕೆಗಳು ಸ್ಥಳ ಬದಲಿಸುತ್ತವೆ. ಯಾರ ಪಕ್ಕದಲ್ಲಿ ಹೊಸಬ ಬಂದು ಕುಳಿತನೋ ಅವರು ಸರಿದು ಕುಳಿತಂತೆ. ದುರ್ಬಲವಾಗಿ ಅಂಟಿದರೂ ಪಟದಲ್ಲಿ ಅದರ ಗುರುತು ಬೀಳುತ್ತದೆ. ಅಮೆರಿಕದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಯ ಪ್ರತಿಬಂಧಕವನ್ನು ಸೇರಿಸಿದಾಗ ಚುಕ್ಕೆಗಳು ಚದುರಿದುವು. ಸಿಎ-೧೭೦ನ್ನು ಸೇರಿಸಿದಾಗ ಒಂದು ಚುಕ್ಕೆಯೂ ಮಿಸುಕಲಿಲ್ಲ. ಎರಡು ಪ್ರೋಟೀನುಗಳು ಕೂಡುವುದನ್ನು ಅಳೆಯುವ ಬೇರೆ ಪರೀಕ್ಷೆಗಳಲ್ಲಿಯೂ ಸಿಎ-೧೭೦ ಆ ಕೂಟವನ್ನು ತಡೆಯಲಿಲ್ಲ.

ಎರಡು ವರ್ಷಗಳ ತರುವಾಯ, ೨೦೨೧ರಲ್ಲಿ, ಆರಿಜೀನ್ ಮತ್ತು ಕ್ಯೂರಿಸ್ ಸಂಸ್ಥೆಗಳವರು ತಮ್ಮ ಕೆಲಸದ ವಿವರಗಳನ್ನು ಪ್ರಕಟಿಸಿದರು. ಸಿಎ-೧೭೦ ಎರಡು ಪ್ರೋಟೀನುಗಳು ಕೂಡುವುದನ್ನು ತಡೆಯುವುದಿಲ್ಲವೆಂಬುದನ್ನು ಅವರೂ ಒಪ್ಪಿದರು. ಆದರೆ ಜೀವಂತ ಕೋಶಗಳ ಮೇಲೆ ಅದು ಪಿಡಿ-ಎಲ್೧ಕ್ಕೆ ಅಂಟುತ್ತದೆ. ಪಿಡಿ-೧, ಪಿಡಿ-ಎಲ್೧, ಸಿಎ-೧೭೦ ಮೂರೂ ಸೇರಿ ದೋಷಯುಕ್ತವಾದ ಒಂದು ಕೂಟ ಏರ್ಪಡುತ್ತದೆ. ಆ ಕೂಟದಿಂದ ಲಗಾಮಿನ ಸಂಕೇತ ಒಳಕ್ಕೆ ಹೋಗುವುದಿಲ್ಲ ಎಂಬುದು ಅವರ ವಾದ. ಮನೆಯ ವಿದ್ಯುತ್ತಿನ ಪ್ಲಗ್ಗನ್ನು ಗೂಡಿಗೆ ಸಿಕ್ಕಿಸಿದ್ದರೂ ನಡುವೆ ಕಾಗದದ ಚೂರೊಂದು ಸಿಕ್ಕಿಕೊಂಡು ದೀಪ ಹತ್ತದಿರುವುದುಂಟಷ್ಟೆ, ಅಂತಹುದು. ಹಾಗಾದರೆ ಸಾಸಿವೆ ಕಾಳು ಕಲ್ಲುಗಳನ್ನು ಬೇರ್ಪಡಿಸಬೇಕಾಗಿಯೇ ಇಲ್ಲ.

ಇವೆರಡರಲ್ಲಿ ಯಾವುದು ಸತ್ಯ? ಪಕ್ಷಪಾತವಿಲ್ಲದೆ ನೋಡಿದರೆ ಎರಡು ವರದಿಗಳ ಅಂಕಿಗಳಲ್ಲಿ ನೇರವಾದ ವಿರೋಧವಿಲ್ಲ. ಕ್ರಾಕೋವ್‌ನವರ ಪಿಡಿ-ಎಲ್೧ ಕೋಶಪೊರೆಯಿಂದ ಬೇರ್ಪಟ್ಟು ಉಪ್ಪುನೀರಿನಲ್ಲಿ ತೇಲುತ್ತಿದ್ದ ತುಂಡು. ಬೆಂಗಳೂರಿನವರದು ಜಿಡ್ಡಿನ ಪೊರೆಯಲ್ಲಿ ನಾಟಿಕೊಂಡು, ನೆರೆಯ ನೂರಾರು ಪ್ರೋಟೀನುಗಳ ನಡುವೆ ಇದ್ದುದು. ಪೊರೆಯ ಮೇಲೆ ಪ್ರೋಟೀನು ಬೇರೆ ಭಂಗಿಯಲ್ಲಿರಬಹುದು. ಆದರೂ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದು ಸರಿಯಲ್ಲ. ಒಂದು ಅಣು ಇನ್ನೊಂದಕ್ಕೆ ಅಂಟುತ್ತದೆಂದು ಹೇಳಿದ ಮೇಲೆ, ಅಂಟಿದ ಜಾಗವನ್ನು ತೋರಿಸುವ ಹೊಣೆ ಹೇಳಿದವರ ಮೇಲೆಯೇ ಇರುತ್ತದೆ. ಬಿಡಿಯಾದ ಪ್ರೋಟೀನಿನಲ್ಲಿ ಒಂದು ಚುಕ್ಕೆಯೂ ಅಲುಗಲಿಲ್ಲವೆಂಬ ಸಂಗತಿಯ ಭಾರ ಬಹಳ. ಟಿ-ಕೋಶಗಳ ವೃದ್ಧಿಯೊಂದನ್ನೇ ನೆಚ್ಚುವುದೂ ಕಷ್ಟ. ಬೇರಾವುದೋ ದಾರಿಯಿಂದ ಕೋಶಗಳನ್ನು ಕೆರಳಿಸುವ ವಸ್ತುವೂ ಅದೇ ಫಲವನ್ನು ತೋರಿಸೀತು. ಆದಕಾರಣ ಪಿಡಿ-ಎಲ್೧ ಇಲ್ಲದ ಪಾತ್ರೆಯಲ್ಲಿ ಆ ವಸ್ತು ಸುಮ್ಮನಿರುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ವಿದ್ಯಾರ್ಥಿಗಳು ಯಾವ ಔಷಧದ ವರದಿಯನ್ನು ಓದಿದರೂ ಈ ಜೋಡಿಪಾತ್ರೆಯನ್ನು ಹುಡುಕುವ ಅಭ್ಯಾಸವನ್ನಿಟ್ಟುಕೊಳ್ಳಲಿ.

ರೋಗಿ ಮಾತ್ರ ಇವೆರಡು ಪ್ರಬಂಧಗಳ ತೀರ್ಪಿಗಾಗಿ ಕಾಯುವಂತಿಲ್ಲ. ನಮ್ಮ ದೇಶದಲ್ಲಿ ನಡೆದ ಎರಡನೆಯ ಹಂತದ ಪರೀಕ್ಷೆಯ ವರದಿ ೨೦೧೮ರಲ್ಲಿ ಯೂರೋಪಿನ ವೈದ್ಯಸಮ್ಮೇಳನದಲ್ಲಿ ಮಂಡಿತವಾಯಿತು. ಶ್ವಾಸಕೋಶ, ತಲೆ-ಕತ್ತಿನ ಭಾಗ ಮೊದಲಾದವುಗಳ ಏಡಿಗಂತಿಗಳೂ ಹಾಡ್ಜ್‌ಕಿನ್ ರೋಗವೂ ಅದರಲ್ಲಿದ್ದುವು. ೪೦೦ ಮಿಲಿಗ್ರಾಂ, ೮೦೦ ಮಿಲಿಗ್ರಾಂ ಎಂಬ ಎರಡು ಪ್ರಮಾಣಗಳನ್ನು ಹೋಲಿಸಿದರು. ಔಷಧವನ್ನೇ ಪಡೆಯದ ಗುಂಪು ಅದರಲ್ಲಿರಲಿಲ್ಲ. ಅನೇಕರಲ್ಲಿ ರೋಗ ಕೆಲಕಾಲ ಹೆಚ್ಚದೆ ನಿಂತಿತು. ಆದರೆ ಗೆಡ್ಡೆ ಕುಗ್ಗುವುದು ಬೇರೆ, ನಿಲ್ಲುವುದು ಬೇರೆ. ಕೆಲವು ಗೆಡ್ಡೆಗಳು ಔಷಧವಿಲ್ಲದೆಯೂ ಕೆಲವು ತಿಂಗಳು ನಿಲ್ಲುವುದರಿಂದ, ಹೋಲಿಕೆಯ ಗುಂಪಿಲ್ಲದೆ ಇದರ ಬೆಲೆಯನ್ನು ಕಟ್ಟಲಾಗದು. ಕಲ್ನಾರಿನ ಧೂಳಿನಿಂದ ಬರುವ ಮೀಸೋಥೀಲಿಯೋಮ ಎಂಬ ಏಡಿಗಂತಿಯಲ್ಲಿ ವಿಸ್ಟಾ ಹೇರಳವಾಗಿರುವುದರಿಂದ ಅಲ್ಲಿ ಫಲ ಕಂಡೀತೆಂದು ಆಶಿಸಿದ್ದರು, ಆಶಿಸಿದಷ್ಟು ಕಾಣಲಿಲ್ಲ. ೨೦೨೦ರ ಫೆಬ್ರವರಿಯಲ್ಲಿ ಕ್ಯೂರಿಸ್ ಮತ್ತು ಆರಿಜೀನ್ ತಮ್ಮ ಒಪ್ಪಂದವನ್ನು ತಿದ್ದಿಕೊಂಡುವು. ಏಷ್ಯಾಖಂಡದ ಹಕ್ಕು ಆರಿಜೀನ್‌ಗೆ ಬಂತು. ಸುಮಾರು ೨೪೦ ಮಂದಿ ಶ್ವಾಸಕೋಶದ ಏಡಿಗಂತಿಯ ರೋಗಿಗಳಲ್ಲಿ ಹೋಲಿಕೆಯ ಗುಂಪಿನೊಡನೆ ಪರೀಕ್ಷೆ ನಡೆಸುವ ಖರ್ಚನ್ನೂ ಅದೇ ಹೊತ್ತುಕೊಂಡಿತು.

ಮತ್ತೊಂದು ದಾರಿ

ಕ್ರಾಕೋವ್‌ನ ಪಟದಲ್ಲಿ ಚುಕ್ಕೆಗಳನ್ನು ಚದುರಿಸಿದ ವಸ್ತುವಿನ ವಿಷಯವನ್ನು ಹೇಳದಿದ್ದರೆ ಈ ಪಾಠ ಅಪೂರ್ಣವಾದೀತು. ನಿವೊಲುಮಾಬನ್ನು ಮಾರುವ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಯವರೇ ಅದರ ಕರ್ತೃಗಳು. ಬೊಮ್ಮಸಂದ್ರದ ಬಯೋಕಾನ್ ಆವರಣದಲ್ಲಿ ೨೦೦೯ರಲ್ಲಿ ತೆರೆದ ಸಂಶೋಧನ ಕೇಂದ್ರದ ಮೂಲಕ ಈ ಕಂಪನಿಯೂ ಎಲೆಕ್ಟ್ರಾನಿಕ್ ಸಿಟಿಗೆ ನೆರೆಮನೆಯದೇ ಆಗಿದೆ. ಎರಡು ಬೆಂಜೀನ್ ಉಂಗುರಗಳನ್ನು ನೇರವಾಗಿ ಜೋಡಿಸಿದ ಬೆನ್ನೆಲುಬು ಈ ವಸ್ತುಗಳಿಗುಂಟು. ಇವು ಜಿಡ್ಡನ್ನು ಬಯಸುವ ಅಣುಗಳು. ಇವು ಹೇಗೆ ಕೆಲಸಮಾಡುತ್ತವೆಂಬುದನ್ನು ಹೋಲಾಕ್ ಅವರ ತಂಡ ೨೦೧೬ರಲ್ಲಿ ಕಂಡುಹಿಡಿದಾಗ ಎಲ್ಲರಿಗೂ ಆಶ್ಚರ್ಯವಾಯಿತು. ಪಿಡಿ-ಎಲ್೧ರ ಚಪ್ಪಟೆ ಮುಖದ ಮೇಲೆ ಈ ಅಣುವಿಗೆ ಕೂರಲು ಪೊಟರೆಯಿಲ್ಲವೆಂದೆವಷ್ಟೆ. ಅದು ಎರಡು ಪಿಡಿ-ಎಲ್೧ಗಳನ್ನು ಮುಖಾಮುಖಿಯಾಗಿ ಎಳೆದು ತರುತ್ತದೆ. ಅವೆರಡರ ನಡುವೆ ಒಂದು ಸುರಂಗ ಏರ್ಪಡುತ್ತದೆ. ಆ ಸುರಂಗದಲ್ಲಿ ತಾನು ಮಲಗುತ್ತದೆ. ಇಲ್ಲದ ಮನೆಯನ್ನು ತಾನೇ ಕಟ್ಟಿಕೊಂಡು ಒಕ್ಕಲಾದಂತೆ! ಪಿಡಿ-೧ಕ್ಕೆ ತಗುಲಬೇಕಾಗಿದ್ದ ಎರಡು ಮುಖಗಳೂ ಒಂದನ್ನೊಂದು ನೋಡುತ್ತ ಕುಳಿತಿರುವುದರಿಂದ ಪಿಡಿ-೧ಕ್ಕೆ ಹಿಡಿಯಲು ಏನೂ ಸಿಕ್ಕುವುದಿಲ್ಲ.

ಇದೇ ತತ್ತ್ವವನ್ನನುಸರಿಸಿ ಅಮೆರಿಕದ ಇನ್‌ಸೈಟ್ ಕಂಪನಿಯವರು ರೂಪಿಸಿದ ಗುಳಿಗೆಯೊಂದರ ಕೆಲಸ ೨೦೨೨ರಲ್ಲಿ ಪ್ರಕಟವಾಯಿತು. ಜೋಡಿಗೊಂಡ ಪಿಡಿ-ಎಲ್೧ಗಳನ್ನು ಕೋಶವು ತನ್ನ ಪೊರೆಯಿಂದ ಒಳಕ್ಕೆಳೆದುಕೊಳ್ಳುತ್ತದೆಂಬುದು ಅದರಲ್ಲಿ ಕಂಡುಬಂತು. ಚೀಟಿಯನ್ನು ಮುಚ್ಚುವುದಷ್ಟೇ ಅಲ್ಲ, ಕಳ್ಳನೇ ಅದನ್ನು ಕಿಸೆಯೊಳಕ್ಕೆ ಇಟ್ಟುಕೊಳ್ಳುವಂತಾಯಿತು. ಹೀಗಿದ್ದರೂ ಸಿಎ-೧೭೦ ಮೊದಲ್ಗೊಂಡು ಈ ದಾರಿಯ ಯಾವ ಪುಟ್ಟ ಅಣುವೂ ಏಡಿಗಂತಿಯ ಔಷಧವಾಗಿ ಇದುವರೆಗೆ ಅಂಗಡಿಯನ್ನು ಮುಟ್ಟಿಲ್ಲ. ಪಿಡಿ-೧, ಪಿಡಿ-ಎಲ್೧ಗಳ ಮೇಲೆ ವೈದ್ಯರು ಇಂದು ಪ್ರಯೋಗಿಸುತ್ತಿರುವುದೆಲ್ಲ ಪ್ರತಿಕಾಯಗಳನ್ನೇ. ಟಾಟಾ ಆಸ್ಪತ್ರೆಯವರ ೨೦ ಮಿಲಿಗ್ರಾಂ ಕೂಡ ರಕ್ತನಾಳದ ಸೂಜಿಯ ಮೂಲಕವೇ ಹೋಗುತ್ತದೆ.